ಟ್ರೈಕ್ ಸೀಟಿನಲ್ಲಿ ನೋವು, ಜೋಮು: ಕುಶನ್ ಕೊಳ್ಳುವ ಮೊದಲು ಏನೇನು ನೋಡಬೇಕು

ರಿಕಂಬೆಂಟ್ ಟ್ರೈಕ್, ಅಂದರೆ ಒರಗಿ ಕೂತು ತುಳಿಯುವ ಮೂರು ಚಕ್ರದ ಸೈಕಲ್, ತೆಗೆದುಕೊಂಡವರು ತಿಂಗಳೊಳಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಈಸಿಚೇರ್ ಥರ ಇರುತ್ತೆ ಅಂದಿದ್ರು, ಹತ್ತು ಮೈಲಿ ಹೋಗೋಷ್ಟರಲ್ಲಿ ಪಿರ್ರೆ ಮರಗಟ್ಟುತ್ತೆ. ಯಾವ ಕುಶನ್ ತಗೊಳ್ಳಲಿ?" ಸದ್ಯಕ್ಕೆ ಯಾವುದೂ ಬೇಡ ಅನ್ನುವುದೇ ನನ್ನ ಉತ್ತರ. ನೋವು ಸೀಟಿನಲ್ಲಿ ಕಾಣಿಸಿಕೊಂಡರೂ ಅದರ ಮೂಲ ಎಷ್ಟೋ ಸಲ ಬೇರೆ ಕಡೆ ಇರುತ್ತೆ. ಪೆಡಲ್ ದೂರ ಇರಬಹುದು, ಗೇರ್ ಭಾರ ಇರಬಹುದು, ಸೀಟಿನ ಹಿಂದೆ ಒಂದು ಪಟ್ಟಿ ಜಾರಿರಬಹುದು. ಇದನ್ನೆಲ್ಲ ನೋಡದೆ ಮೇಲೊಂದು ಮೆತ್ತೆ ಹಾಕಿದರೆ ಇದ್ದ ಅಳತೆಗಳೂ ಕೆಡುತ್ತವೆ, ಒಂದು ನೋವಿನ ಜೊತೆ ಇನ್ನೊಂದು ಸೇರಿಕೊಳ್ಳುತ್ತೆ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ, ಸಿನ್ಸಿನಾಟಿ ಹತ್ತಿರ. ಇಲ್ಲಿ ಹಳೇ ರೈಲು ಹಳಿ ತೆಗೆದು ಡಾಂಬರು ಹಾಕಿದ ಲಿಟಲ್ ಮಯಾಮಿ ಟ್ರೇಲ್ ಇದೆ, ಬಹುಪಾಲು ನದಿಯ ಪಕ್ಕದಲ್ಲೇ, ಸುಮಾರು 78 ಮೈಲಿ, ಸ್ಪ್ರಿಂಗ್‌ಫೀಲ್ಡ್ ತನಕ ಹೋಗುತ್ತೆ. ರೈಲಿನ ದಾರಿ ಆದ್ದರಿಂದ ಏರು ತುಂಬಾ ಕಮ್ಮಿ. ಮಣಿಕಟ್ಟಿನ ನೋವಿನಿಂದ ಮಾಮೂಲಿ ಸೈಕಲ್ ಬಿಡಬೇಕಾಗಿ ಬಂದಾಗ ನಾನು ಒಂದು ಸೆಕೆಂಡ್ ಹ್ಯಾಂಡ್ ಟ್ಯಾಡ್‌ಪೋಲ್ ಟ್ರೈಕ್ ತಗೊಂಡೆ. ಟ್ಯಾಡ್‌ಪೋಲ್ ಅಂದರೆ ಗೊದಮೊಟ್ಟೆ, ಮುಂದೆ ಎರಡು ಚಕ್ರ, ಹಿಂದೆ ಒಂದು, ಮೇಲಿಂದ ನೋಡಿದರೆ ಹಾಗೇ ಕಾಣುತ್ತೆ. ಜಾಲರಿ ಬಟ್ಟೆಯ ಸೀಟು. ಲವ್‌ಲ್ಯಾಂಡ್ ಊರಿನಲ್ಲಿ ಟ್ರೇಲ್ ಸೇರಿಕೊಂಡು, 'ಮಾರೋ' (Morrow) ಅನ್ನುವ ಊರಿನ ಹತ್ತಿರ ಬರುವ ಹೊತ್ತಿಗೆ ನನಗೆ ಬಲ ಪಿರ್ರೆಯಲ್ಲಿ ಜೋಮು ಶುರುವಾಗುತ್ತಿತ್ತು, ಅಲ್ಲಿಂದ ಮುಂದೆ ಅದು ಬಿಟ್ಟರೆ ಬೇರೇನೂ ಗಮನಕ್ಕೇ ಬರುತ್ತಿರಲಿಲ್ಲ. ಕಾರಣ ಹುಡುಕಲು ಒಂದಿಡೀ ಬೇಸಿಗೆ ಹಿಡಿಯಿತು. ಆ ಹುಡುಕಾಟದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ, ನಿಮಗೆ ಎರಡು ವಾರಾಂತ್ಯದಲ್ಲಿ ಮುಗಿಯಲಿ ಅಂತ.

ಟ್ರೈಕ್ ಮುಟ್ಟುವ ಮೊದಲು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ರೈಕ್ ಇಳಿದು ಐದು ಹತ್ತು ನಿಮಿಷ ಓಡಾಡಿದರೆ ಹೋಗುವ ಜೋಮು, ನೋವು, ಇವು ಈ ಕೈಪಿಡಿಯ ವಿಷಯ. ಇಳಿದ ಮೇಲೂ ಗಂಟೆಗಟ್ಟಲೆ ಉಳಿಯುವ ಜೋಮು, ಸೊಂಟದಿಂದ ಹೊರಟು ಮೊಣಕಾಲಿನ ಕೆಳಗೂ ಇಳಿಯುವ ಸೆಳೆತ, ಕಾಲಿನ ಬಲ ಕಮ್ಮಿಯಾದ ಹಾಗೆ ಅನ್ನಿಸುವುದು, ಇವಕ್ಕೆ ಅಲೆನ್ ಕೀ (ಬೋಲ್ಟ್ ತಿರುಗಿಸುವ ಆರು ಮೂಲೆಯ ಕೀ) ಮದ್ದಲ್ಲ, ಡಾಕ್ಟರ ಹತ್ತಿರ ಹೋಗಿ. ತೊಡೆಸಂದಿಯ ಸುತ್ತ ಸ್ಪರ್ಶವೇ ಗೊತ್ತಾಗದಿದ್ದರೆ, ಅಥವಾ ಮೂತ್ರ ಇಲ್ಲವೇ ಮಲದ ಹಿಡಿತ ತಪ್ಪಿದರೆ ಆ ದಿನವೇ, ಆ ಗಂಟೆಯೇ ಆಸ್ಪತ್ರೆಗೆ ಹೋಗಬೇಕು. ಬೆನ್ನುಮೂಳೆಯ ಕೆಳಗಿನ ನರಗಳು ಒತ್ತಿಕೊಂಡಿದ್ದರೆ ತಡ ಮಾಡಿದಷ್ಟೂ ನಷ್ಟ.

ಇನ್ನು ಟ್ರೈಕ್‌ನ ವಿಷಯ. ಮಾಮೂಲಿ ಸೈಕಲ್‌ನಲ್ಲಿ ನಿಮ್ಮ ಭಾರವನ್ನು ಸೀಟು, ಕೈ, ಕಾಲು ಮೂರೂ ಹಂಚಿಕೊಳ್ಳುತ್ತವೆ. ಗುಂಡಿ ಬಂದರೆ ಎದ್ದು ನಿಲ್ಲುತ್ತೀರಿ, ಏರು ಬಂದರೆ ನಿಂತು ತುಳಿಯುತ್ತೀರಿ, ನಿಮಗೇ ಗೊತ್ತಿಲ್ಲದ ಹಾಗೆ ಪಿರ್ರೆಗೆ ಆಗಾಗ ಬಿಡುವು ಸಿಗುತ್ತೆ. ಟ್ರೈಕ್‌ನಲ್ಲಿ ಆ ಬಿಡುವು ಇಲ್ಲ. ಕೂತ ಜಾಗದಲ್ಲೇ ಕೂತಿರಬೇಕು, ಬ್ಯಾಲೆನ್ಸ್‌ಗಾಗಿ ಮೈ ಅಲ್ಲಾಡಿಸುವ ಕೆಲಸವೂ ಇಲ್ಲ, ಗಂಟೆಗಟ್ಟಲೆ ಅದೇ ಜಾಗ ಒತ್ತಿಕೊಂಡಿರುತ್ತೆ. ಅದಕ್ಕೇ ಇಲ್ಲಿ ಅರ್ಧ ಇಂಚಿನ ತಪ್ಪು ಕೂಡ ಇಪ್ಪತ್ತು ಮೈಲಿ ದಾಟುವಷ್ಟರಲ್ಲಿ ದೊಡ್ಡದಾಗಿ ಕಾಣುತ್ತೆ.

ಬೇಕಾಗುವ ಸಾಮಾನು ಕಮ್ಮಿ. ಅಲೆನ್ ಕೀ ಸೆಟ್, ಅಳತೆ ಟೇಪು, ಇನ್ಸುಲೇಷನ್ ಟೇಪ್, ಬಿಳಿ ಮಾರ್ಕರ್, ಫೋನ್, ಒಂದು ಸಣ್ಣ ನೋಟ್‌ಬುಕ್. ಈಗ ಟ್ರೈಕ್ ಹೇಗಿದೆಯೋ ಹಾಗೇ ಎಲ್ಲ ಕಡೆ ಗುರುತು ಹಾಕಿ. ಬೂಮ್ ಅಂದರೆ ಪೆಡಲ್ ಇರುವ ಮುಂದಿನ ಕೊಳವೆ ಎಲ್ಲಿ ಒಳಗೆ ಹೋಗುತ್ತೋ ಅಲ್ಲಿ ಟೇಪ್ ಸುತ್ತಿ, ಸೀಟು ಕೂರುವ ಕ್ಲ್ಯಾಂಪ್ ಹತ್ತಿರ ಇನ್ನೊಂದು, ಪಟ್ಟಿ ಬಕಲ್‌ನಿಂದ ಹೊರಬರುವ ಕಡೆ ಮಾರ್ಕರ್ ಗೆರೆ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸೀಟೂ ಬೂಮೂ ಒಟ್ಟಿಗೆ ಬದಲಾಯಿಸಿ ನೋವು ಹೋದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗಲ್ಲ, ಮತ್ತೆ ಬಂದಾಗ ಮೊದಲಿಂದ ಹುಡುಕಬೇಕಾಗುತ್ತೆ. ಪ್ರತಿ ಸಲ ಅದೇ ದಾರಿ, ಅದೇ ದೂರ, ಅದೇ ಚಡ್ಡಿ. ಎಷ್ಟನೇ ಮೈಲಿಯಲ್ಲಿ, ಯಾವ ಜಾಗದಲ್ಲಿ, ಯಾವ ಥರ ನೋವು ಅಂತ ನಿಂತ ಕೂಡಲೇ ಬರೆದುಕೊಳ್ಳಿ, ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತೆ.

ಮತ್ತೆ, ಮೊಟ್ಟಮೊದಲು ನೀವು ಕೂರುವ ರೀತಿ ನೋಡಿ. ಹೊಸಬರು ಟ್ರೈಕ್‌ಗೆ ಧೊಪ್ಪನೆ ಕೂತು, ಎಲ್ಲಿ ಬಿದ್ದರೋ ಅಲ್ಲಿಂದಲೇ ತುಳಿಯಲು ಶುರುಮಾಡುತ್ತಾರೆ. ಸೊಂಟದ ಹಿಂದೆ ಮೂರು ಬೆರಳಷ್ಟು ಖಾಲಿ ಉಳಿದಿರುತ್ತೆ. ಪಾರ್ಕಿಂಗ್ ಬ್ರೇಕ್ ಹಾಕಿ ಕೂತು, ಎರಡೂ ಪಾದ ನೆಲಕ್ಕೆ ಒತ್ತಿ ಪಿರ್ರೆಯನ್ನು ಚೂರು ಎತ್ತಿ, ಹಿಂದಕ್ಕೆ, ಸೀಟಿನ ತಳವೂ ಬೆನ್ನೂ ಸೇರುವ ಮೂಲೆಯವರೆಗೆ ತಳ್ಳಿ ಇಳಿಸಿ. ಆಮೇಲೆ ಶೂ ಪೆಡಲ್‌ಗೆ ಸಿಕ್ಕಿಸಿ. ಕೆಲವರ ನೋವು ಇಷ್ಟಕ್ಕೇ ಹೋಗಿದ್ದನ್ನು ನಾನು ನೋಡಿದ್ದೇನೆ.

ಎರಡೂ ಪಿರ್ರೆಯ ಒಳಗೆ ಆಳದ ನೋವು, ಉರಿ

ಟ್ರೈಕ್ ಓಡಿಸುವವರಲ್ಲಿ ಅತಿ ಸಾಮಾನ್ಯ ದೂರು ಇದು, ಇಂಗ್ಲಿಷಿನವರು ಇದಕ್ಕೆ ರಿಕಂಬೆಂಟ್ ಬಟ್ ಅಂತ ಹೆಸರೇ ಇಟ್ಟಿದ್ದಾರೆ. ಚರ್ಮದ ಮೇಲಲ್ಲ, ಒಳಗೆ, ಮಾಂಸಖಂಡದಲ್ಲಿ. ಏರಿನಲ್ಲಿ ಅಥವಾ ಎದುರುಗಾಳಿಯಲ್ಲಿ ಜಾಸ್ತಿಯಾಗಿ, ನಿಂತು ಒಂದೆರಡು ನಿಮಿಷ ಓಡಾಡಿದರೆ ಹೋಗುತ್ತೆ, ಮತ್ತೆ ಕೂತು ಎರಡು ಮೈಲಿ ಹೋಗುವಷ್ಟರಲ್ಲಿ ವಾಪಸ್.

ಯಾಕೆ ಅಂದರೆ, ಒರಗಿ ಕೂತು ಪೆಡಲ್ ತಳ್ಳುವಾಗ ಕೆಲಸ ಮಾಡುವುದೂ ಪಿರ್ರೆಯ ಸ್ನಾಯುವೇ, ಭಾರ ಹೊರುವುದೂ ಅದೇ. ಒಂದು ಕಡೆ ಬಿಗಿದುಕೊಂಡು ಕೆಲಸ, ಇನ್ನೊಂದು ಕಡೆ ಮೇಲಿಂದ ಒತ್ತಡ, ರಕ್ತ ಸರಿಯಾಗಿ ಓಡಾಡಲ್ಲ. ಭಾರದ ಗೇರ್ ಹಾಕಿ ನಿಧಾನಕ್ಕೆ ಬಲವಾಗಿ ತುಳಿದರೆ ಪ್ರತಿ ತುಳಿತವೂ ನಿಮ್ಮನ್ನು ಸೀಟಿನೊಳಗೆ ಇನ್ನಷ್ಟು ಒತ್ತುತ್ತೆ. ಮಾಮೂಲಿ ಸೈಕಲ್‌ನಲ್ಲಿ ಮೈಭಾರ ಪೆಡಲ್ ಮೇಲೆ ಹಾಕಿ ತುಳಿದು ಅಭ್ಯಾಸ ಆದವರಿಗೆ ಇದು ಬೇಗ ಬರುತ್ತೆ. ಟ್ರೈಕ್‌ನಲ್ಲಿ ಮೈಭಾರ ಉಪಯೋಗಕ್ಕೆ ಬರಲ್ಲ, ಸೀಟಿಗೆ ಬೆನ್ನು ಕೊಟ್ಟು ತಳ್ಳುವುದು ಮಾತ್ರ.

ಪರೀಕ್ಷೆ ಸುಲಭ. ಸಮತಟ್ಟು ದಾರಿಯಲ್ಲಿ 15 ಸೆಕೆಂಡು ಬಲ ಮೊಣಕಾಲು ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ, ನಾಲ್ಕರಿಂದ ಗುಣಿಸಿ. 20 ಸಲ ಬಂದರೆ ನಿಮಿಷಕ್ಕೆ 80. ನನ್ನದು ಶುರುವಿನಲ್ಲಿ 14 ಬರುತ್ತಿತ್ತು, ಅಂದರೆ 56. ಎರಡು ಗೇರ್ ಹಗುರ ಮಾಡಿ 80, 85ಕ್ಕೆ ತಂದ ದಿನ ಎಡಗಡೆಯ ನೋವು ಪೂರ್ತಿ ಹೋಯಿತು, ಬಲಗಡೆ ಉಳಿಯಿತು. ಅಂದರೆ ಬಲಗಡೆಗೆ ಬೇರೆ ಕಾರಣ ಇದೆ ಅಂತ ಅರ್ಥ, ಅದನ್ನು ಮುಂದೆ ಹೇಳುತ್ತೇನೆ. ಹಗುರ ಗೇರ್‌ನಲ್ಲಿ ಜೋರಾಗಿ ತಿರುಗಿಸುವುದು ಮೊದಲ ವಾರ ವಿಚಿತ್ರ ಅನ್ನಿಸುತ್ತೆ, ಮೇಲುಸಿರು ಬರುತ್ತೆ, ಆಮೇಲೆ ಕಾಲು ಒಗ್ಗಿಕೊಳ್ಳುತ್ತೆ. ನಿಮ್ಮ ಅತಿ ಹಗುರ ಗೇರ್‌ನಲ್ಲೂ ಏರಿನಲ್ಲಿ 60ಕ್ಕಿಂತ ಕೆಳಗೆ ಬೀಳುತ್ತಿದ್ದರೆ ತಪ್ಪು ನಿಮ್ಮ ಕಾಲಿನದಲ್ಲ. ಮುಂದಿನ ಸಣ್ಣ ಚೈನ್‌ರಿಂಗ್, ಅಂದರೆ ಪೆಡಲ್ ಜೊತೆ ತಿರುಗುವ ಹಲ್ಲುಚಕ್ರ, ಇನ್ನೂ ಸಣ್ಣದು ಬೇಕು, ಇಲ್ಲವೇ ಹಿಂದಿನ ದೊಡ್ಡ ಹಲ್ಲುಚಕ್ರ ಇನ್ನೂ ದೊಡ್ಡದು ಬೇಕು. ಮೂರು ಚಕ್ರದ ಗಾಡಿ ಎಷ್ಟು ನಿಧಾನ ಹೋದರೂ ಬೀಳಲ್ಲ ಅಲ್ವಾ, ಆ ಅನುಕೂಲ ಬಳಸಿಕೊಳ್ಳಿ.

ಇದರ ಜೊತೆಗೆ ಸ್ನಾಯು ಗಟ್ಟಿಯಾಗುವುದಕ್ಕೆ ಕೆಲವು ವಾರ ಬೇಕೇ ಬೇಕು. ದಿನಕ್ಕೆ 8 ಮೈಲಿಯಿಂದ ಶುರುಮಾಡಿ ಮೆಲ್ಲಗೆ ಏರಿಸಿ. ಅರ್ಧ ಗಂಟೆಗೊಮ್ಮೆ ಇಳಿದು ಎರಡು ನಿಮಿಷ ನಿಲ್ಲಿ, ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ.

ಬಾಲಮೂಳೆ ಉಜ್ಜುವುದು, ಸೊಂಟದ ಕೆಳಗೆ ಒತ್ತುವುದು

ನೋವು ಪಿರ್ರೆಯಲ್ಲಿ ಇಲ್ಲದೆ ನಡುಮಧ್ಯೆ, ಮೂಳೆಯ ಮೇಲೇ ಇದ್ದರೆ ಮೊದಲು ಬೂಮ್ ಅಳತೆ ನೋಡಿ. ಪೆಡಲ್ ದೂರ ಇದ್ದರೆ ಅದನ್ನು ಮುಟ್ಟಲು ಪ್ರತಿ ಸುತ್ತಿಗೂ ಸೊಂಟ ಎಡಕ್ಕೆ ಬಲಕ್ಕೆ ಹೊರಳುತ್ತೆ, ಮೈ ಇಂಚಿಂಚೇ ಮುಂದೆ ಜಾರುತ್ತೆ, ಕೊನೆಗೆ ಬಾಲಮೂಳೆ ಮೇಲೆ ಕೂತಿರುತ್ತೀರಿ. ನಿಮಿಷಕ್ಕೆ 80 ಸುತ್ತು ಅಂದರೆ ಗಂಟೆಗೆ 4,800 ಸಲ ಉಜ್ಜಿದ ಹಾಗೆ.

ಪರೀಕ್ಷೆ ಹೀಗೆ. ಓಡಿಸುವ ಶೂ ಹಾಕಿಕೊಂಡೇ ಕೂತು, ಪಾರ್ಕಿಂಗ್ ಬ್ರೇಕ್ ಹಾಕಿ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲನ್ನು ಅತಿ ದೂರಕ್ಕೆ ತನ್ನಿ. ಆಗ ಕಾಲು ನೆಟ್ಟಗಾಗಬೇಕು, ಆದರೆ ಮುಟ್ಟಲು ಸೊಂಟ ಮುಂದೆ ಬರಬಾರದು. ಹಾಗಿದ್ದರೆ ಪಾದದ ಮುಂಭಾಗ ಪೆಡಲ್ ಮೇಲಿಟ್ಟಾಗ ಮೊಣಕಾಲು ತಾನೇ ಚೂರು ಬಾಗಿರುತ್ತೆ. ಈಗ ಶೂ ಸಿಕ್ಕಿಸಿ ಪೆಡಲನ್ನು ಹಿಂದಕ್ಕೆ ಮೆಲ್ಲಗೆ ತಿರುಗಿಸಿ, ಮನೆಯವರನ್ನು ಹಿಂದೆ ನಿಲ್ಲಿಸಿ ಫೋನ್‌ನಲ್ಲಿ ವಿಡಿಯೋ ತೆಗೆಸಿ. ಸೊಂಟ ದೋಣಿ ಥರ ಅತ್ತಿತ್ತ ತೂಗಿದರೆ ಬೂಮ್ ಉದ್ದ ಇದೆ. ಒಂದು ಸಲಕ್ಕೆ 5 ಮಿಲಿಮೀಟರ್ ಒಳಗೆ ತಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ತೀರಾ ಹತ್ತಿರ ತಂದರೆ ಮೊಣಕಾಲಿನ ಮುಂಭಾಗ ನೋಯಲು ಶುರುವಾಗುತ್ತೆ, ಅದೂ ಒಂದು ಸೂಚನೆಯೇ.

ಬೂಮ್ ಬದಲಾಯಿಸುವಾಗ ಎರಡು ಎಚ್ಚರಿಕೆ. ಬಿಗಿ ಮಾಡುವ ಮೊದಲು ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ತಿರುಗುವ ಅಚ್ಚು ಅಡ್ಡ ಸಮ ಇದೆಯಾ ನೋಡಿ, ಕೊಳವೆ ಗುಂಡಗಿದ್ದರೆ ಬೂಮ್ ಸ್ವಲ್ಪ ತಿರುಗಿ ಒಂದು ಕಾಲಿಗೆ ಮಾತ್ರ ಮೋಸ ಆಗುತ್ತೆ. ಇನ್ನೊಂದು, ಚೈನ್. ಬೂಮ್ ಒಂದು ಇಂಚು ಹೊರಗೆ ಬಂದರೆ ಚೈನ್ ಮೇಲೂ ಕೆಳಗೂ ಓಡುವುದರಿಂದ ಎರಡು ಇಂಚು ಜಾಸ್ತಿ ಬೇಕು, ಒಂದೊಂದು ಕೊಂಡಿ ಅರ್ಧ ಇಂಚು, ಅಂದರೆ ನಾಲ್ಕು ಕೊಂಡಿ. ನಾಲ್ಕೈದು ಮಿಲಿಮೀಟರ್‌ಗೆ ಹಿಂದಿನ ಡಿರೇಲರ್ (ಗೇರ್ ಬದಲಾಯಿಸಿ ಚೈನ್ ಬಿಗಿಯಾಗಿಡುವ ಭಾಗ) ಸುಧಾರಿಸಿಕೊಳ್ಳುತ್ತೆ. ಜಾಸ್ತಿ ಎಳೆದಿದ್ದರೆ ದೊಡ್ಡ ಚೈನ್‌ರಿಂಗು, ದೊಡ್ಡ ಹಲ್ಲುಚಕ್ರ ಒಟ್ಟಿಗೆ ಹಾಕಿ ಕೈಯಲ್ಲಿ ತಿರುಗಿಸಿ ನೋಡದೆ ರಸ್ತೆಗೆ ಹೋಗಬೇಡಿ, ಡಿರೇಲರ್ ಮುರಿಯುತ್ತೆ. ಬೂಮ್ ಮೇಲೆ ಕೊರೆದಿರುವ ಕನಿಷ್ಠ ಒಳಸೇರಿಕೆಯ ಗೆರೆ ಹೊರಗೆ ಕಾಣಲೇಬಾರದು.

ಬೂಮ್ ಸರಿ ಮಾಡಿದ ಮೇಲೂ ಸೊಂಟ ಹೊರಳುತ್ತಿದ್ದರೆ ಕ್ರ್ಯಾಂಕ್ ಉದ್ದ ಜಾಸ್ತಿ ಇರಬಹುದು. ಬಹಳ ಟ್ರೈಕ್‌ಗಳಲ್ಲಿ 165 ಅಥವಾ 170 ಮಿಲಿಮೀಟರ್ ಇರುತ್ತೆ. ನಮ್ಮ ಎತ್ತರದವರಿಗೆ, ಅಂದರೆ ಐದೂವರೆ ಅಡಿ ಆಸುಪಾಸಿನವರಿಗೆ, 155ರ ಹತ್ತಿರದ್ದು ಹಿತ ಅನ್ನುವುದು ನನ್ನ ಅನುಭವ. ಮೊಣಕಾಲು ಎದೆಯ ಕಡೆ ಅಷ್ಟು ಮೇಲೆ ಬರಲ್ಲ, ಸೊಂಟ ಮಡಚುವುದು ಕಮ್ಮಿಯಾಗುತ್ತೆ. ಕ್ರ್ಯಾಂಕ್ 15 ಮಿಲಿಮೀಟರ್ ಗಿಡ್ಡ ಮಾಡಿದರೆ ಬೂಮ್ ಅಷ್ಟೇ ಹೊರಗೆ ತರಬೇಕು, ಮರೆಯಬೇಡಿ.

ಇಲ್ಲೇ ಕುಶನ್ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಮೊದಲು ತಂದಿದ್ದು ಒಂದೂವರೆ ಇಂಚಿನ ಫೋಮ್, ತಳಕ್ಕೆ ಹಾಕಿದೆ. ಮೊದಲ ಐದು ಮೈಲಿ ತುಂಬಾ ಹಿತವಾಗಿತ್ತು. ಆಮೇಲೆ ಇಲ್ಲಿಯ ತನಕ ಇರದ ಜಾಗದಲ್ಲಿ, ಬಾಲಮೂಳೆಯ ಮೇಲಿನ ಚಪ್ಪಟೆ ಮೂಳೆಯಲ್ಲಿ ನೋವು. ಮನೆಗೆ ಬಂದು ಅಳೆದಾಗ ಅರ್ಥವಾಯಿತು. ನಾನು ಒಂದೂವರೆ ಇಂಚು ಮೇಲೆ ಎದ್ದಿದ್ದೆ, ಸೀಟಿನ ಬೆನ್ನು ಇದ್ದಲ್ಲೇ ಇತ್ತು. ಸೊಂಟದ ಕುಳಿಗೆ ಕೂರಬೇಕಾದ ಉಬ್ಬು ಈಗ ಅದಕ್ಕಿಂತ ಕೆಳಗೆ ಮೂಳೆಗೆ ಗುದ್ದುತ್ತಿತ್ತು. ಬೆನ್ನಿನ ಹಿಂದೆ ಮೆತ್ತೆ ಹಾಕಿದರೆ ಬೇರೆ ತೊಂದರೆ, ನೀವು ಅಷ್ಟೇ ಮುಂದೆ ಬರುತ್ತೀರಿ, ಪೆಡಲ್ ಹತ್ತಿರ ಆಗಿ ಮೊಣಕಾಲು ಹಿಡಿಯುತ್ತೆ.

ಒಂದೇ ಕಡೆ ನೋವು ಅಥವಾ ಜೋಮು

ಒಂದೇ ಕಡೆ ಅಂದರೆ ಯಾವುದೋ ಒಂದು ಎರಡೂ ಕಡೆ ಸಮ ಇಲ್ಲ, ಅಷ್ಟೇ. ಹುಡುಕುವುದು ಸುಲಭ ಅನ್ನಿಸುತ್ತೆ, ಆದರೆ ನನಗೆ ಜಾಸ್ತಿ ದಿನ ತಿಂದಿದ್ದು ಇದೇ.

ಮೊದಲು ಜೇಬು. ಹಿಂದಿನ ಜೇಬಿನಲ್ಲಿ ಪರ್ಸು, ಫೋನು, ಕೀಲಿಗೊಂಚಲು ಏನಿದ್ದರೂ ತೆಗೆಯಿರಿ. ಆಮೇಲೆ ರಸ್ತೆ. ನೀರು ಹರಿಯಲಿ ಅಂತ ರಸ್ತೆಯ ಮಧ್ಯ ಉಬ್ಬಿರುತ್ತೆ, ಅಂಚು ತಗ್ಗಿರುತ್ತೆ. ಎರಡು ಚಕ್ರದ ಸೈಕಲ್ ನೆಟ್ಟಗೇ ನಿಲ್ಲುತ್ತೆ, ಟ್ರೈಕ್ ರಸ್ತೆಯ ಜೊತೆ ವಾಲುತ್ತೆ. ಇಲ್ಲಿ ಬಲಗಡೆ ಓಡಿಸುವುದರಿಂದ ಬಲಕ್ಕೆ ವಾಲಿ ಬಲ ಪಿರ್ರೆಗೆ ಭಾರ ಬೀಳುತ್ತೆ, ಭಾರತದಲ್ಲಾದರೆ ಎಡಕ್ಕೆ. ಒಂದು ದಿನ ಮಟ್ಟವಾದ ಟ್ರೇಲ್ ಅಥವಾ ಖಾಲಿ ಮೈದಾನದಲ್ಲಿ ಅಷ್ಟೇ ದೂರ ಓಡಿಸಿ ನೋಡಿ. ನೋವು ಬರದಿದ್ದರೆ ಟ್ರೈಕ್ ಬಿಚ್ಚುವ ಕೆಲಸವೇ ಇಲ್ಲ. ನನ್ನದು ಟ್ರೇಲ್‌ನಲ್ಲೇ ಬರುತ್ತಿದ್ದರಿಂದ ರಸ್ತೆ ಕಾರಣ ಅಲ್ಲ ಅಂತ ಆಯಿತು.

ಉಳಿದಿದ್ದು ಪಟ್ಟಿಗಳು. ಜಾಲರಿ ಸೀಟು ಇರುವವರು ಇದನ್ನು ಗಮನವಿಟ್ಟು ನೋಡಬೇಕು. ಸೀಟಿನ ಎರಡು ಪಕ್ಕದ ಕೊಳವೆಗಳ ನಡುವೆ ಬಟ್ಟೆಯನ್ನು ಹಿಂದಿನಿಂದ ಏಳೆಂಟು ಪಟ್ಟಿಗಳು ಎಳೆದು ಹಿಡಿದಿರುತ್ತವೆ, ಹಳೇ ನವಾರು ಮಂಚದ ಥರಾನೇ. ನವಾರು ಸಡಿಲವಾದ ಮಂಚದಲ್ಲಿ ಮಲಗಿ ಸೊಂಟ ಹಿಡಿದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆ ಹೊಸದಿದ್ದಾಗ ಮೊದಲ ಕೆಲವು ವಾರ ಹಿಗ್ಗುತ್ತೆ, ಮಳೆಯಲ್ಲಿ ನೆನೆದರೂ ಹಿಗ್ಗುತ್ತೆ. ಹಿಗ್ಗಿದ ಮೇಲೆ ಎರಡು ಕೆಲಸ ಆಗುತ್ತೆ. ಪಿರ್ರೆ ಕೆಳಗಿಳಿದು ಅಡಿಯ ಫ್ರೇಮ್ ಕೊಳವೆಗೆ ತಾಗುತ್ತೆ, ಇಲ್ಲವೇ ಜೋಲಿ ಥರ ಆಗಿ ಪಕ್ಕದ ಕೊಳವೆಗಳು ತೊಡೆಯ ಎರಡೂ ಬದಿ ಹಿಂಡುತ್ತವೆ.

ಆ ದಿನ ನಾನು ಗ್ಯಾರೇಜಿನಲ್ಲಿ ಟ್ರೈಕ್ ಮೇಲೆ ಕೂತಿದ್ದೆ, ಮನೆಯವಳು ಹಿಂದೆ ನೆಲದ ಮೇಲೆ ಕೂತು ಸೀಟಿನ ಅಡಿ ಟಾರ್ಚ್ ಬಿಟ್ಟು ನೋಡಿದಳು. "ರೀ, ಕೆಳಗಿಂದ ಎರಡನೇದು ಬಲಗಡೆ ಜೋತು ಬಿದ್ದಿದೆ, ನನ್ನ ಬೆರಳು ಎರಡು ಆರಾಮಾಗಿ ಹೋಗುತ್ತೆ. ಎಡಗಡೆ ಉಗುರೂ ಹೋಗಲ್ಲ." ಹಿಂದಿನ ವಾರವೇ ಎಲ್ಲ ಪಟ್ಟಿ ಎಳೆದು ಬಿಗಿ ಮಾಡಿದ್ದೆನಲ್ಲ ಅಂತ ನನಗೆ ಆಶ್ಚರ್ಯ. ಮತ್ತೆ ಬಿಗಿ ಮಾಡಿ, ಬಕಲ್ ಅಂಚಿಗೆ ಸರಿಯಾಗಿ ಪಟ್ಟಿಯ ಮೇಲೆ ಬಿಳಿ ಮಾರ್ಕರ್‌ನಲ್ಲಿ ಗೆರೆ ಎಳೆದು ಹತ್ತು ಮೈಲಿ ಹೋಗಿ ಬಂದೆ. ಬಂದು ನೋಡಿದರೆ ಬೇರೆ ಎಲ್ಲ ಗೆರೆಗಳೂ ಇದ್ದಲ್ಲೇ ಇದ್ದವು, ಆ ಒಂದು ಗೆರೆ ಮಾತ್ರ ಬಕಲ್‌ನಿಂದ ಒಂದು ಬೆರಳು ದೂರ ಹೋಗಿತ್ತು. ಬಕಲ್ ಕಚ್ಚುವ ಜಾಗದಲ್ಲಿ ಪಟ್ಟಿ ಸವೆದು ನುಣುಪಾಗಿ ಹೊಳೆಯುತ್ತಿತ್ತು, ಬೆರಳಾಡಿಸಿದರೆ ಉಳಿದ ಕಡೆ ಇರುವ ತರಿ ಅಲ್ಲಿ ಇರಲಿಲ್ಲ. ಮೈಭಾರ ಬಿದ್ದಾಗೆಲ್ಲ ಕೂದಲೆಳೆಯಷ್ಟು ಜಾರಿ ಜಾರಿ, ಮಾರೋ ತಲುಪುವಷ್ಟರಲ್ಲಿ ಬಲಗಡೆ ಕುಸಿದಿರುತ್ತಿತ್ತು. ಹೊಸ ಪಟ್ಟಿ ತಂದು, ತುದಿಯನ್ನು ಇನ್ನೊಂದು ಸಲ ಬಕಲ್ ಒಳಗೆ ಹಿಂದಕ್ಕೆ ತೂರಿಸಿ ಕಟ್ಟಿದೆ. ಬಲಗಡೆಯ ಜೋಮು ಅಂದೇ ಹೋಯಿತು. ಒಂದಿಡೀ ಬೇಸಿಗೆ ಕಾಡಿದ್ದು ಒಂದು ಇಂಚು ಅಗಲದ ಪಟ್ಟಿ.

ಪಟ್ಟಿ ಬಿಗಿ ಮಾಡುವಾಗ ಎಲ್ಲವನ್ನೂ ಒಂದೇ ಸಮ ಎಳೆಯಬೇಡಿ. ಸೊಂಟದ ಕುಳಿಯ ಹತ್ತಿರದ ಎರಡು ಪಟ್ಟಿ ಚೆನ್ನಾಗಿ ಬಿಗಿ ಇರಲಿ, ಬೆನ್ನಿಗೆ ಆಸರೆ ಕೊಡುವುದು ಅವೇ. ಬಾಲಮೂಳೆ ಬರುವ ಕಡೆ ಚೂರು ಸಡಿಲ ಬಿಡಿ, ಮೂಳೆ ಗಾಳಿಯಲ್ಲಿ ಇರಬೇಕು. ಭುಜದ ಕಡೆ ಸಾಧಾರಣ. ತಳದ ಪಟ್ಟಿಗಳನ್ನು ಬಿಗಿ ಮಾಡಿ, ನೀವು ಕೂತಾಗ ಯಾರಾದರೂ ಅಡಿಯಿಂದ ಕೈ ತೂರಿಸಿ ಬಟ್ಟೆಗೂ ಫ್ರೇಮ್‌ಗೂ ನಡುವೆ ಒಂದು ಇಂಚಾದರೂ ಜಾಗ ಇದೆಯಾ ನೋಡಲಿ. ಸಮತಟ್ಟಿನಲ್ಲಿ ಅರ್ಧ ಇಂಚು ಸಾಕು ಅನ್ನಿಸಿದರೂ ಗುಂಡಿಗೆ ಬಿದ್ದಾಗ ಸಾಲಲ್ಲ. ಬಿಗಿ ಮಾಡಿದ ಮೇಲೆ ಇಪ್ಪತ್ತು ಮೈಲಿ ಬಿಟ್ಟು ಮತ್ತೊಮ್ಮೆ ನೋಡಿ, ಎಲ್ಲ ಪಟ್ಟಿಗೂ ಗೆರೆ ಎಳೆದಿಟ್ಟುಕೊಂಡರೆ ಇದು ಅರ್ಧ ನಿಮಿಷದ ಕೆಲಸ.

ಪಟ್ಟಿ, ಜೇಬು, ರಸ್ತೆ, ಕ್ರ್ಯಾಂಕ್ ಎಲ್ಲ ಸರಿ ಇದ್ದು ಒಂದೇ ಕಡೆ ನೋವು ಬರುತ್ತಿದ್ದರೆ ಒಂದು ಕಾಲು ಇನ್ನೊಂದಕ್ಕಿಂತ ಚೂರು ಗಿಡ್ಡ ಇರಬಹುದು. ಅದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಅಳೆಸಿ. ಮನೆಯಲ್ಲಿ ಟೇಪು ಹಿಡಿದು ಅಳೆದಿದ್ದನ್ನು ನಂಬಿ ಶೂ ಅಡಿ ದಪ್ಪ ಹಾಕಬೇಡಿ.

ಬೆನ್ನು, ಕತ್ತು

ಸೀಟು ಎಷ್ಟು ಒರಗಿದೆ ಅನ್ನುವುದು ಇಲ್ಲಿ ಮುಖ್ಯ. ನೆಟ್ಟಗೆ ಕೂತರೆ ಭಾರ ಪಿರ್ರೆಯ ಮೇಲೆ, ಒರಗಿದಷ್ಟೂ ಅದು ಬೆನ್ನಿಗೆ ಹಂಚಿಹೋಗುತ್ತೆ. ಹಾಗಾಗಿ ಪಿರ್ರೆ ನೋವಿದ್ದವರು ಎರಡು ಮೂರು ಡಿಗ್ರಿ ಹಿಂದಕ್ಕೆ ಒರಗಿಸಿ ನೋಡುವುದು ಒಳ್ಳೇದು. ಸೀಟಿನ ಬೆನ್ನಿಗೆ ಒಂದು ಮರದ ಪಟ್ಟಿ ಆನಿಸಿ, ಅದರ ಮೇಲೆ ಫೋನ್ ಇಟ್ಟರೆ ಕೋನ ಅಳೆಯುವ ಆಪ್ ಸಾಕು. ಜಾಸ್ತಿ ಒರಗಿದರೆ ತಲೆ ಎತ್ತಿ ಹಿಡಿಯಬೇಕಾಗಿ ಕತ್ತು ನೋಯುತ್ತೆ, ಆಗ ಹೆಡ್‌ರೆಸ್ಟ್ ಬೇಕು. ಅದು ಕತ್ತಿಗೆ ತಾಗದೆ ಬುರುಡೆಯ ಕೆಳಭಾಗಕ್ಕೆ ತಾಗಬೇಕು, ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳಬಾರದು.

ಒರಗಿದರೆ ಬಲ ಕಮ್ಮಿಯಾಗುತ್ತೆ ಅಂತ ಹೆದರಿ ನೆಟ್ಟಗೆ ಮಾಡಿಕೊಂಡವರು ಬಹಳ ಜನ ಇದ್ದಾರೆ. ಅವರಿಗೆ ನಾನು ಹೇಳುವುದು, 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಅನ್ನುವವನು ಷಾರ್ಲ್ ಮೊಷೆ ಮಾಡಿದ ಒರಗು ಸೈಕಲ್‌ನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಹೋಗಿ ಅಲ್ಲಿಯ ತನಕದ ದಾಖಲೆ ಮುರಿದ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಸೈಕಲ್ ಅಂದರೆ ಇಂಥದ್ದೇ ಅಂತ ನಿಯಮ ಬಿಗಿ ಮಾಡಿ ಅದನ್ನು ಹೊರಗಿಟ್ಟಿತು. ಬಲದ ಚಿಂತೆ ಬಿಟ್ಟು ನಿಮ್ಮ ಬೆನ್ನಿಗೆ ಯಾವುದು ಹಿತವೋ ಅದನ್ನು ನೋಡಿಕೊಳ್ಳಿ.

ಫೈಬರ್‌ನ ಗಟ್ಟಿ ಸೀಟು ಇದ್ದವರಿಗೆ ಪಟ್ಟಿ ಎಳೆಯುವ ದಾರಿ ಇಲ್ಲ. ಸೀಟಿನ ಉಬ್ಬು ನಿಮ್ಮ ಸೊಂಟದ ಕುಳಿಗೆ ಕೂರುತ್ತಾ ಅನ್ನುವುದೇ ಎಲ್ಲ. ಒಂದು ಟವೆಲ್ ಮಡಚಿ ಬೇರೆ ಬೇರೆ ಎತ್ತರದಲ್ಲಿಟ್ಟು ಓಡಿಸಿ, ಹಿತವಾದ ಎತ್ತರ ಸಿಕ್ಕ ಮೇಲೆ ಅಲ್ಲಿಗೆ ತೆಳು ಫೋಮ್ ಅಂಟಿಸಿ. ಸೀಟೇ ನಿಮ್ಮ ಅಳತೆಯದಲ್ಲದಿದ್ದರೆ ಬದಲಾಯಿಸಬೇಕು, ಬೇರೆ ಉಪಾಯ ಇಲ್ಲ.

ಬೆನ್ನಿಗೆ ಬರುವ ಗುದ್ದಿಗೆ ಟೈರ್ ಕೂಡ ಕಾರಣ. ಈ ಟ್ರೇಲ್‌ನಲ್ಲಿ ಮರದ ಬೇರುಗಳು ಡಾಂಬರು ಎತ್ತಿರುವ ಕಡೆ ಮೂರು ಚಕ್ರಕ್ಕೂ ಬೇರೆ ಬೇರೆ ಗುದ್ದು. ಟೈರಿನ ಗಾಳಿಯ ಒತ್ತಡ 80 ಪಿಎಸ್‌ಐ ಇದ್ದಿದ್ದನ್ನು 60ಕ್ಕೆ ಇಳಿಸಿದಾಗ ನನಗೆ ದೊಡ್ಡ ವ್ಯತ್ಯಾಸ ಗೊತ್ತಾಯಿತು. ಟೈರ್ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೇ ಇಳಿಸಿ. ಜಾಗ ಇದ್ದರೆ 50 ಮಿಲಿಮೀಟರ್ ಅಗಲದ ಟೈರ್ ಹಾಕಿ.

ತೊಡೆಯ ಹಿಂಭಾಗ ಮತ್ತು ಪಾದದ ಜೋಮು

ಬೆರಳುಗಳಿಗೆ ಜೋಮು ಹಿಡಿದರೆ ಎಲ್ಲರೂ ಶೂ ನೋಡುತ್ತಾರೆ. ನೋಡಿ, ಲೇಸ್ ಸಡಿಲಿಸಿ, ಕ್ಲೀಟ್ (ಶೂ ಪೆಡಲ್‌ಗೆ ಸಿಕ್ಕಿಕೊಳ್ಳಲು ಅದರ ಅಡಿ ಇರುವ ಕೊಕ್ಕೆ) ಹಿಮ್ಮಡಿ ಕಡೆಗೆ ಸರಿಸಿ. ಆದರೆ ಸೀಟಿನ ಮುಂದಿನ ಅಂಚನ್ನೂ ನೋಡಬೇಕು. ಬಟ್ಟೆ ಕುಸಿದಾಗ ಆ ಅಂಚಿನ ಕೊಳವೆ ತೊಡೆಯ ಅಡಿ ಎದ್ದು ಕಾಣುತ್ತೆ, ಪ್ರತಿ ಸುತ್ತಿಗೂ ಒತ್ತುತ್ತೆ. ಕೂತು ಪೆಡಲ್ ದೂರಕ್ಕೆ ಇಟ್ಟು ತೊಡೆಯ ಅಡಿ ಅಂಗೈ ತೂರಿಸಿ. ಕೈ ಸಿಕ್ಕಿಕೊಂಡರೆ ತಳದ ಪಟ್ಟಿ ಬಿಗಿ ಮಾಡಿ ಅಥವಾ ಸೀಟಿನ ಮುಂಭಾಗ ತಗ್ಗಿಸಿ. ಪಾದ ಜೋಮು ಹಿಡಿಯುತ್ತೆ ಅಂತ ಕ್ಲೀಟ್ ಬಿಟ್ಟು ಸುಮ್ನೆ ಚಪ್ಪಟೆ ಪೆಡಲ್ ಮೇಲೆ ಕಾಲಿಟ್ಟು ಓಡಿಸಲು ಮಾತ್ರ ಹೋಗಬೇಡಿ. ಕಾಲು ಜಾರಿ ನೆಲಕ್ಕೆ ತಾಗಿದರೆ ಟ್ರೈಕ್ ನಿಮ್ಮ ಕಾಲಿನ ಮೇಲೇ ಹೋಗುತ್ತೆ, ಮೂಳೆ ಮುರಿದುಕೊಂಡವರಿದ್ದಾರೆ. ಕ್ಲೀಟ್ ಬೇಡ ಅಂದರೆ ಹಿಮ್ಮಡಿ ಹಿಡಿಯುವ ಪಟ್ಟಿ ಇರುವ ಪೆಡಲ್ ಹಾಕಿ.

ಚರ್ಮದ ಉರಿ, ಬೆವರುಸಾಲೆ

ಇದು ಬೇಸಿಗೆಯ ತೊಂದರೆ. ಹತ್ತಿ ಬಟ್ಟೆ ಬೆವರು ಹಿಡಿದುಕೊಂಡು ಉಜ್ಜುತ್ತೆ, ಜೀನ್ಸ್‌ನ ಹೊಲಿಗೆ ಕೊರೆಯುತ್ತೆ. ಮಾಮೂಲಿ ಸೈಕಲ್‌ಗೆ ಹಾಕುವ ಪ್ಯಾಡ್ ಇರುವ ಚಡ್ಡಿಯೂ ಇಲ್ಲಿ ಬೇಡ, ಪ್ಯಾಡ್ ಇರುವುದು ಒಂದು ಕಡೆ, ನಿಮಗೆ ಭಾರ ಬೀಳುವುದು ಇನ್ನೊಂದು ಕಡೆ. ಬೇಗ ಒಣಗುವ, ಹಿಂದೆ ಹೊಲಿಗೆ ಇಲ್ಲದ ಚಡ್ಡಿ ಸಾಕು.

ಇಷ್ಟೆಲ್ಲ ಆದ ಮೇಲೂ ಪಿರ್ರೆಗೆ ಮೆತ್ತೆ ಬೇಕು ಅನ್ನಿಸಿದರೆ ಆಗ ತನ್ನಿ. ದಪ್ಪ ಫೋಮ್ ಬೇಡ, ಗಾಳಿಯಾಡುವ ಒರಟು ಜಾಲರಿಯ ತೆಳು ಪ್ಯಾಡ್, ಒಂದು ಇಂಚಿನ ಒಳಗೆ. ನೆದರ್ಲೆಂಡ್ಸ್‌ನ ವೆಂಟಿಸಿಟ್ ಥರದ್ದು ಈ ಜಾತಿಯದು. ಹಾಕಿದ ದಿನವೇ ಹಿಮ್ಮಡಿ ಪರೀಕ್ಷೆ ಮತ್ತೆ ಮಾಡಿ, ಸೊಂಟದ ಪಟ್ಟಿಗಳನ್ನು ಆ ದಪ್ಪಕ್ಕೆ ತಕ್ಕ ಹಾಗೆ ಮತ್ತೆ ಎಳೆಯಿರಿ, ಹೊಸ ಜಾಗದಲ್ಲಿ ಬಿಳಿ ಗೆರೆ ಹಾಕಿ.